ನಡುವಿನ ಮೆಟ್ಟಿಲು

ಸೋಮವಾರ, ೮ ಅಕ್ಟೋಬರ್ ೧೯೮೪
ಸ್ಥಳ: ಕೊನೆಯಲ್ಲಿ ಹೇಳುತ್ತೇನೆ

ದೇವಾಲಯದ ಸಭಾ ಸಮಿತಿಯ ಕಾರ್ಯದರ್ಶಿಯವರಿಗೆ ವಂದನೆ, ನಮ್ಮ ಮನೆಯವರಿಗೆ ಪ್ರೀತಿ. ಇಬ್ಬರೂ ಒಬ್ಬರೇ ಆಗಿರುವುದು ನನ್ನ ಹಣೆಬರಹ, ಹಾಗಾಗಿ ಒಂದೇ ಕಾಗದ ಸಾಕು.

ಶುಕ್ರವಾರದ ಮೀಟಿಂಗಿನಲ್ಲಿ ಮಹಿಳಾ ಸಂಘದ ಪರವಾಗಿ ನಾನು ಎದ್ದು ನಿಂತಾಗ ನೀವು ಕನ್ನಡಕದ ಮೇಲಿನಿಂದ ನೋಡಿ, ‘ಏನಿದ್ರೂ ಲಿಖಿತದಲ್ಲಿ ಕೊಡಿ’ ಎಂದಿರಿ. ಕಟ್ಟಿಕೊಂಡ ಹೆಂಡತಿಗೆ ಆಡುವ ಮಾತೇ ಅದು? ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಒಲೆ ಮುಂದೆ ಕೂತು ಕಣ್ಣು ಒರೆಸಿಕೊಂಡೆ. ಮರುದಿನ ಮಾಕಳಿಯ ಅಣ್ಣನ ಮನೆಗೆ ಹೊರಟು ನಿಂತಾಗಲಾದರೂ ತಡೆಯುತ್ತೀರೆಂದುಕೊಂಡಿದ್ದೆ. ‘ಹೋಗೋದಾದ್ರೆ ಹೋಗು, ಸೋಮವಾರ ಕೆಲಸ ಮಾತ್ರ ನಿಲ್ಲಲ್ಲ’ ಎಂದು ಪೇಪರು ಮಡಚಿದಿರಿ. ಸರಿ, ನೀವು ಕೇಳಿದಂತೆಯೇ ಲಿಖಿತದಲ್ಲಿ ಕೊಡುತ್ತಿದ್ದೇನೆ. ಪೂರ್ತಿ ಓದಿ. ಮಾತಿನ ನಡುವೆ ‘ಸರಿ ಬಿಡು’ ಎಂದು ಎದ್ದು ಹೋಗಲು ಕಾಗದದ ಮುಂದೆ ಆಗುವುದಿಲ್ಲ.

ನನ್ನ ಅಹವಾಲು ಒಂದೇ. ದೇವಾಲಯದ ನಡುವಿನ ಕಲ್ಲಿನ ಮೆಟ್ಟಿಲನ್ನು ಒಡೆಯಬಾರದು. ಹಿಂದಿನ ನೆಲಕ್ಕೆ ಮಣ್ಣು ತುಂಬಿ, ಮುಂದಿನ ನೆಲದ ಸಮಕ್ಕೆ ಎತ್ತಿ, ಬಿಷಪರು ಶತಮಾನೋತ್ಸವಕ್ಕೆ ಬರುವಷ್ಟರಲ್ಲಿ ಎಲ್ಲಾ ಕಡೆ ಮೊಸಾಯಿಕ್ ಹಾಕಿಸುವುದು ನಿಮ್ಮ ಆಸೆ. ಮೊಸಾಯಿಕ್ ಹಾಕಿಸಿ, ನನಗೇನೂ ಸಿಟ್ಟಿಲ್ಲ. ಮೆಟ್ಟಿಲು ಮಾತ್ರ ಇದ್ದಲ್ಲೇ ಇರಬೇಕು.

ಸ್ಮರಣ ಸಂಚಿಕೆಗೆ ನೀವು ಬರೆದ ಇತಿಹಾಸವನ್ನು ಓದಿದೆ. ಚೆನ್ನಾಗಿಯೇ ಬರೆದಿದ್ದೀರಿ. ನಂದಿಬೆಟ್ಟಕ್ಕೆ ಹೋಗಿಬರುತ್ತಿದ್ದ ಬಿಳಿ ದೊರೆಗಳು ಭಾನುವಾರ ತಂಗಿದಾಗ ಪ್ರಾರ್ಥನೆಗೆಂದು ಯಲಹಂಕದಲ್ಲಿ ಇದನ್ನು ಕಟ್ಟಿಸಿದ್ದು, ಆಗ ಇದು ಆಂಗ್ಲಿಕನ್ ಸಭೆಯದಾಗಿದ್ದು, ಗಾರೆಯ ಗೋಡೆ, ಚೂಪು ಕಮಾನಿನ ಕಿಟಕಿ, ತೇಗದ ತೊಲೆ, ಹಡಗಿನಲ್ಲಿ ಬಂದ ಬಣ್ಣದ ಗಾಜು, ಎಲ್ಲವೂ ಇದೆ. ಗಾಜಿಗೇ ಒಂದು ಪುಟ ಕೊಟ್ಟಿದ್ದೀರಿ. ಮೆಟ್ಟಿಲಿಗೆ ಒಂದು ಸಾಲು: ‘ನೆಲ ತೊಳೆದ ನೀರು ಹರಿದುಹೋಗಲೆಂದು ಹಿಂಭಾಗವನ್ನು ತಗ್ಗಿಸಲಾಗಿದೆ.’

ಅದನ್ನು ಓದಿ ನನಗೆ ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು. ನೀರು ಹರಿಯಲು ಗೇಣೆತ್ತರದ ಮೆಟ್ಟಿಲು ಬೇಕೇ? ಅದರ ಮೇಲುಗಡೆ ದೊರೆಗಳಿಗೆ ಬೆಂಚು, ಕೆಳಗಡೆ ನಮ್ಮವರಿಗೆ ಈಚಲ ಚಾಪೆ. ದೊರೆಗಳು ಮುಂದುಗಡೆ, ಪಾದ್ರಿಗಳು ನಿಲುವಂಗಿ ತೊಡುವ ವೆಸ್ಟ್ರಿಯ ಪಕ್ಕದ ಬಾಗಿಲಿನಿಂದ ಬರುವುದು, ನಮ್ಮವರು ಹಿಂದಿನ ಬಾಗಿಲಿನಿಂದ. ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸಕ್ಕೆ ಮಾತ್ರ ನಮ್ಮವರು ಮೆಟ್ಟಿಲು ಹತ್ತಬೇಕು, ಅದೂ ಮೇಲಿನವರೆಲ್ಲ ಮುಗಿಸಿದ ಮೇಲೆ. ಇದು ನಿಮಗೆ ಗೊತ್ತಿಲ್ಲವೆಂದರೆ ನಂಬಲು ನಾನು ಹೊಸ ಸೊಸೆಯಲ್ಲ. ಎಂಟು ವರ್ಷದವರಾಗುವ ತನಕ ನೀವೇ ಅತ್ತೆಯ ಪಕ್ಕದಲ್ಲಿ ಆ ಚಾಪೆಯ ಮೇಲೆ ಕೂತಿದ್ದಿರಿ. ಸ್ವಾತಂತ್ರ್ಯ ಬಂದು, ಸಭೆಗಳೆಲ್ಲ ಒಂದಾದ ಮೇಲೆ ಪಾದ್ರಿಗಳು ಎಲ್ಲರನ್ನೂ ಮೇಲೆ ಕರೆದಾಗ ಮೊದಲು ಓಡಿ ಹತ್ತಿದವರೂ ನೀವೇ ಅಂತೆ. ಅತ್ತೆ ಎಷ್ಟೋ ಸಲ ಹೇಳಿ ನಗುತ್ತಿದ್ದರು.

ಅವರು ಮಾತ್ರ ಹತ್ತಲಿಲ್ಲ. ಸಾಯುವ ತನಕ ನಿಮ್ಮವ್ವ ಮಾರ್ತಮ್ಮನ ಜಾಗ ಮೆಟ್ಟಿಲಿನ ಕೆಳಗೇ. ನೀವು ಕೆಳಗೂ ಬೆಂಚು ಮಾಡಿಸಿ ಹಾಕಿಸಿದ ಮೇಲೂ ಬೆಂಚಿನ ಪಕ್ಕಕ್ಕೆ ಚಾಪೆ ಹಾಸಿಕೊಂಡರು. ಹಠ ಎಂದಿರಿ, ಹಳೇ ಕಾಲದವರು ಎಂದಿರಿ. ಒಂದು ದಿನ ನಾನೇ ಕೇಳಿದೆ. ‘ಕೂತ್ಕೋ ಅಂದಾಗ ಕೂತಿದ್ದಾಯ್ತು, ಎದ್ದೇಳು ಅಂದಾಗ ಏಳೋದೂ ಅವರ ಮಾತಿಗೇನಾ? ನನ್ನ ಜಾಗ ನಾನೇ ಆರಿಸ್ಕೋತೀನಿ ಕಣೇ’ ಎಂದರು.

ನಮ್ಮ ಮದುವೆಯ ದಿನ ನಿಮಗೆ ನೆನಪಿರಬೇಕು. ಆಶೀರ್ವಾದಕ್ಕೆ ಅತ್ತೆಯನ್ನು ಮುಂದಕ್ಕೆ ಕರೆದರು, ಅವರು ಬರಲಿಲ್ಲ. ಎಲ್ಲರೂ ನೋಡುತ್ತಿದ್ದರು. ನಿಮ್ಮ ಮುಖ ಕೆಂಪಾಗಿತ್ತು. ನಾನು ಸೀರೆ ಎತ್ತಿ ಹಿಡಿದು ಮೆಟ್ಟಿಲು ಇಳಿದು ಹೋಗಿ ಅವರ ಮುಂದೆ ಮೊಣಕಾಲೂರಿದೆ. ಧೈರ್ಯದಿಂದಲ್ಲ, ಏನು ಮಾಡಬೇಕೆಂದು ತಿಳಿಯದೆ. ಅವರು ತಲೆಯ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲಿಲ್ಲ. ‘ಮೇಲಿಂದ ಒಬ್ಬರು ಇಳಿದು ಬಂದಿದ್ದು ಇವತ್ತೇ ನೋಡಿದ್ದು’ ಎಂದು ನನ್ನ ಕಿವಿಯಲ್ಲಿ ಹೇಳಿದರು. ನೀವು ಮೇಲೇ ನಿಂತಿದ್ದಿರಿ.

ನಿಮ್ಮ ಸಂಕಟ ನನಗೆ ಅರ್ಥವಾಗುವುದಿಲ್ಲವೆಂದುಕೊಳ್ಳಬೇಡಿ. ಉತ್ಸವಕ್ಕೆ ನಿಮ್ಮ ಫ್ಯಾಕ್ಟರಿಯ ಸಾಹೇಬರನ್ನು, ಬೇರೆ ಸಭೆಗಳ ದೊಡ್ಡವರನ್ನು ಕರೆದಿದ್ದೀರಿ. ಅವರಲ್ಲಿ ಯಾರಾದರೂ ‘ಇದೇಕೆ ಇಲ್ಲೊಂದು ಮೆಟ್ಟಿಲು’ ಎಂದು ಕೇಳಿದರೆ, ನಮ್ಮವ್ವ ಇದರ ಕೆಳಗೆ ಕೂರುತ್ತಿದ್ದಳು ಎನ್ನಲು ನಿಮಗೆ ಬಾಯಿ ಬರುವುದಿಲ್ಲ. ವಯಸ್ಸಾದವರು ಎಡವುತ್ತಾರೆ ಎಂಬುದು ಬರೀ ನೆಪ. ನಮ್ಮವರಲ್ಲಿ ಒಬ್ಬರೂ ಎಡವಿದ್ದಿಲ್ಲ, ಕತ್ತಲಲ್ಲೂ ಅವರ ಕಾಲಿಗೆ ಅದು ಗೊತ್ತು. ಹತ್ತಿ ಹತ್ತಿ ಕಲ್ಲಿನ ನಡುಭಾಗ ಸವೆದು ಹಳ್ಳವಾಗಿದೆ. ಅಲ್ಲೊಂದು ಸಲ ಕೈಯಾಡಿಸಿ ನೋಡಿ. ಬಣ್ಣದ ಗಾಜು ದೊರೆಗಳು ತರಿಸಿದ್ದು. ಈ ಸವೆದ ಕಲ್ಲು ನಮ್ಮವರು ಮಾಡಿದ್ದು. ನಾಚಿಕೆಯಾಗಬೇಕಾದ್ದು ಮೆಟ್ಟಿಲು ಕಟ್ಟಿದವರಿಗೆ. ಹತ್ತಿದವರಿಗೇಕೆ?

ಆದ್ದರಿಂದ ಕಾರ್ಯದರ್ಶಿಗಳೇ, ನೀರಿನ ಆ ಸಾಲನ್ನು ಹೊಡೆದು ಹಾಕಿ. ಆ ಜಾಗದಲ್ಲಿ ‘ಇದರ ಕೆಳಗೆ ನಮ್ಮ ಹಿರಿಯರು ಕೂರುತ್ತಿದ್ದರು’ ಎಂದು ಬರೆಯಿರಿ. ಬಿಷಪರು ಕೇಳಿದರೆ ನೀವು ಹೇಳಿ. ನಿಮ್ಮಿಂದಾಗದಿದ್ದರೆ ನಾನು ಹೇಳುತ್ತೇನೆ, ಅವರು ನನ್ನನ್ನು ಲಿಖಿತದಲ್ಲಿ ಕೊಡು ಎನ್ನಲಾರರು. ಸಮಿತಿಯವರು ಒಪ್ಪಲಿ ಬಿಡಲಿ, ನಾನು ಇದರಿಂದ ಹಿಂದೆ ಸರಿಯುವವಳಲ್ಲ. ನನ್ನನ್ನು ಹೆದರಿಸಬೇಡಿ, ಅಣ್ಣನ ಕೈಲಿ ಬುದ್ಧಿ ಹೇಳಿಸಲೂಬೇಡಿ. ಅವನು ಆಗಲೇ ಹೇಳಿ ಸುಸ್ತಾಗಿದ್ದಾನೆ.

ನೀವಿಲ್ಲದೆ ಈ ಎರಡು ದಿನ ಅನ್ನ ಸರಿಯಾಗಿ ಸೇರಲಿಲ್ಲ ಎಂಬುದನ್ನು ಅಹವಾಲಿನಲ್ಲಿ ಸೇರಿಸಬಾರದು. ಆದರೂ ಬರೆದಿದ್ದೇನೆ.

ನಿಮ್ಮ ಸಭೆಯ ಸದಸ್ಯಳೂ, ನಿಮಗೆ ತಲೆನೋವೂ ಆದ
ದೊರ್ಕಮ್ಮ ಸುಮಿತ್ರಪ್ಪ

ಮರೆತಿದ್ದೆ: ಸ್ಥಳ ಬರೆಯುವುದು ಉಳಿದಿತ್ತು. ಮಾಕಳಿಯಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು, ಗೊರಗುಂಟೆಪಾಳ್ಯದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು ಬಂದೆ. ಮೆಟ್ಟಿಲಿನ ಕೆಳಗೆ, ಅತ್ತೆಯ ಚಾಪೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಅಟ್ಟದ ಮೇಲಿದ್ದ ಚಾಪೆ ಎಲ್ಲಿ ಹೋಯಿತೆಂದು ಹುಡುಕಬೇಡಿ, ಶನಿವಾರ ನಾನೇ ಜೊತೆಗೆ ಒಯ್ದಿದ್ದೆ. ಗಾರೆ ಕೆಲಸದ ಮುನಿಆಂಜಿನಪ್ಪ ಹಾರೆ ಹಿಡಿದುಕೊಂಡು, ‘ಅಮ್ಮಾರೇ, ನೀವು ಇಂಗೆ ಕುಂತ್ರೆ ನಾನು ಎಂಗೆ ಒಡೀಲಿ’ ಎಂದು ಗೋಳಾಡುತ್ತಿದ್ದಾನೆ. ಅವನ ಕೈಲೇ ಈ ಕಾಗದ ಕಳಿಸುತ್ತೇನೆ. ನನ್ನನ್ನು ಎಬ್ಬಿಸುವುದಾದರೆ ನೀವೇ ಬರಬೇಕು. ಕಾರ್ಯದರ್ಶಿಯಾದ ಮೇಲೆ ನೀವು ವೆಸ್ಟ್ರಿಯ ಬಾಗಿಲಿನಿಂದಲೇ ಬರುವುದು. ಅಲ್ಲಿಂದ ನನ್ನ ಹತ್ತಿರ ಬರಬೇಕಾದರೆ ಮೆಟ್ಟಿಲು ಇಳಿಯಲೇಬೇಕು. ಬರುವಾಗ ಫ್ಲಾಸ್ಕಿನಲ್ಲಿ ಕಾಫಿ ತನ್ನಿ. ಚಾಪೆಯ ಮೇಲೆ ಎಡಗಡೆ ಜಾಗ ಬಿಟ್ಟಿದ್ದೇನೆ, ನೀವು ಚಿಕ್ಕಂದಿನಲ್ಲಿ ಕೂರುತ್ತಿದ್ದುದು ಅದೇ ಕಡೆಯಂತೆ.