ಸಾಕ್ಷಿ ಹೇಳದ ಮಾತು

ಮಾನ್ಯ ನ್ಯಾಯಾಧೀಶರಿಗೆ,

ತಮ್ಮ ನ್ಯಾಯಾಲಯದ ಬೆರಳಚ್ಚುಗಾರನ ನಮಸ್ಕಾರಗಳು. ಎದುರು ನಿಂತು ಹೇಳಲು ಮುಖವಿಲ್ಲದೆ ಬರೆಯುತ್ತಿದ್ದೇನೆ.

ಐದು ತಿಂಗಳಿಂದ ನನಗೆ ಕಿವಿ ಸರಿಯಾಗಿ ಕೇಳುತ್ತಿಲ್ಲ. ಮೈಯ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಒಳಕಿವಿಯನ್ನು ಹಾಳುಮಾಡುತ್ತಿದೆ ಎಂದು ವೈದ್ಯರು ಹೇಳಿದ್ದಾರೆ. ಕೆಲಸ ಹೋದೀತೆಂದು ಮುಚ್ಚಿಟ್ಟು, ತುಟಿ ನೋಡಿ ಟೈಪು ಮಾಡುತ್ತಿದ್ದೆ.

ಸೋಮವಾರ ಹೊಡೆದಾಟದ ಮೊಕದ್ದಮೆಯಲ್ಲಿ, ಆರೋಪಿಯಾದ ಮಗನ ಪರ ಸಾಕ್ಷಿ ಹೇಳಿದ ಇಸ್ತ್ರಿ ಅಂಗಡಿಯ ಅಜ್ಜಿ, ಕೆಮ್ಮುತ್ತಾ ಬಾಯಿಗೆ ಕರವಸ್ತ್ರ ಹಿಡಿದಿದ್ದರು. ತುಟಿ ಕಾಣಲಿಲ್ಲ. "ಅವನು ಹೊಡೆದ" ಎಂದು ಊಹಿಸಿ ಬರೆದೆ. ಓದು ಬಾರದ ಅವರಿಗೆ ಓದಿ ಹೇಳದೆಯೇ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಮರುದಿನ ವಕೀಲರಿಂದ ವಿಷಯ ತಿಳಿದು ಅಜ್ಜಿ ನನ್ನ ಮೇಜಿನ ಮುಂದೆ ಬಂದು ನಿಂತರು.

"ಹೊಡೀಲಿಲ್ಲ ಅಂದೆನಲ್ಲಪ್ಪಾ," ಎಂದರು. ಈ ಸಲ ತುಟಿ ಕಂಡಿತು.

"ನೀವು ಹೇಳಿದ್ದನ್ನೇ ಬರ್ದಿದೀನಿ ಅಜ್ಜಿ. ವಯಸ್ಸಾಯ್ತಲ್ಲ, ಮರ್ತಿದೀರ," ಎಂದುಬಿಟ್ಟೆ.

"ಇರಬೋದೇನೋ," ಎಂದು ತಲೆ ತಗ್ಗಿಸಿಕೊಂಡು ಹೋದರು.

ದಯವಿಟ್ಟು ಅವರನ್ನು ಮತ್ತೆ ಕರೆಸಿ, ನನ್ನ ಕುರ್ಚಿಯಲ್ಲಿ ಬೇರೆಯವರನ್ನು ಕೂರಿಸಿ. ಅವರು ಬರುವ ದಿನ ಹೊರಗಿನ ಬೆಂಚಿನ ಬಳಿ ಕಾದಿದ್ದು ಅವರ ಕ್ಷಮೆ ಕೇಳುತ್ತೇನೆ. ಅವರು ಎಷ್ಟೇ ಬೈದರೂ, ಒಂದಕ್ಷರವನ್ನೂ ಬಿಡದೆ ಯಾರಾದರೂ ನನಗೆ ಬರೆದು ತೋರಿಸಬೇಕೆಂದು ವಿನಂತಿ.

ಇಂತಿ,
ತಮ್ಮ ನಂಬಿಕೆ ಉಳಿಸಿಕೊಳ್ಳದ
ಬೆರಳಚ್ಚುಗಾರ