ಸೋತ ದಿನದ ಊಟ

ಇಂಡಿಯಾನ
ಫೆಬ್ರವರಿ 11

ಅಪ್ಪನಿಗೆ,

ಚಿಕ್ಕಂದಿನಿಂದ ನಾನು ಮನೆಯಲ್ಲೂ ನಿಮ್ಮನ್ನು ಕೋಚ್ ಎಂದೇ ಕರೆಯಬೇಕಿತ್ತು. ಇವತ್ತೊಂದು ದಿನ ಅಪ್ಪ ಎಂದು ಬರೆಯುತ್ತೇನೆ, ಬೇಸರಿಸಬೇಡಿ.

ಶನಿವಾರ ನನ್ನ ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡ ಎರಡೇ ಪಾಯಿಂಟಿನಿಂದ ಸೋತಿತು. ಹಿಂದಿರುಗುವಾಗ ಹೆದ್ದಾರಿಯ ಹೋಟೆಲಿನಲ್ಲಿ ಹುಡುಗರಿಗೆಲ್ಲ ನಿಂತೇ ತಿನ್ನಿ ಎಂದೆ. ನಾನೂ ತಟ್ಟೆ ಹಿಡಿದು ನಿಂತೆ. ಕೊನೆಯ ಎಸೆತ ಬುಟ್ಟಿಗೆ ಹಾಕಲಾಗದಿದ್ದ ಆಮೋಸ್ ಕೇಳಿದ, "ಯಾಕೆ ಕೋಚ್, ಕುರ್ಚಿ ಎಲ್ಲ ಖಾಲೀನೇ ಇದಾವಲ್ಲ?"

"ಸೋತ ದಿನ ನಿಮ್ಮನೇಲಿ ಕೂರಿಸಿ ಬಡಿಸ್ತಿದ್ರೇನೋ?"

"ಹೂಂ ಕೋಚ್. ಅವತ್ತು ನಮ್ಮಮ್ಮ ಒಂದ್ ತುಂಡು ಸಿಹಿ ಪೈ ಜಾಸ್ತೀನೇ ಕೊಡ್ತಿದ್ಲು."

ನಾನು ಜೋರಾಗಿ ನಕ್ಕೆ. ಬೇರೆ ಯಾರೂ ನಗಲಿಲ್ಲ. ಒಬ್ಬೊಬ್ಬನನ್ನೇ ಕೇಳಿದೆ. ಹನ್ನೆರಡು ಹುಡುಗರಲ್ಲಿ ಒಬ್ಬನ ಮನೆಯಲ್ಲೂ ಹೀಗಿಲ್ಲವಂತೆ ಅಪ್ಪ! ಸೋತ ದಿನ ನೀವು ನನ್ನ ಕುರ್ಚಿಯನ್ನು ಎಳೆದು ಗೋಡೆಗೆ ಸರಿಸಿ ನಿಂತೇ ಉಣ್ಣಿಸುತ್ತಿದ್ದುದನ್ನು ಆಟಗಾರರಿರುವ ಎಲ್ಲ ಮನೆಗಳ ರೂಢಿ ಎಂದೇ ತಿಳಿದಿದ್ದೆ. ನನಗೀಗ ನಲವತ್ತಾರು ವರ್ಷ.

ಆದರೂ ಅವರನ್ನು ಕೂರಿಸಲಿಲ್ಲ. ಹುಡುಗರೆದುರು ಆಡಿದ ಮಾತನ್ನು ಹಿಂತೆಗೆದುಕೊಳ್ಳುವವನು ಕೋಚೇ ಅಲ್ಲ ಎಂದು ನೀವೇ ಕಲಿಸಿದ್ದಿರಿ. ಸೋಮವಾರ ಕ್ರೀಡಾ ನಿರ್ದೇಶಕಿ ಕರೆದು, "ಹುಡುಗರ ಹತ್ರ ಒಂದ್ಸಲ ಸಾರಿ ಅಂದ್ಬಿಡಿ, ಇಲ್ಲಿಗೇ ಮುಗಿಸೋಣ" ಎಂದರು. ಸಾರಿಗೆ ಒಪ್ಪದೆ, ನಾನು ಗೆದ್ದ ಪಂದ್ಯಗಳ ಪಟ್ಟಿ ಒಪ್ಪಿಸಿದೆ. ಮಧ್ಯಾಹ್ನದೊಳಗೆ ಕೆಲಸದಿಂದ ತೆಗೆದು ಕಚೇರಿಯ ಬೀಗದಕೈ ವಾಪಸು ಕೇಳಿದರು.

ಭಾನುವಾರ ಊಟಕ್ಕೆ ಬರುತ್ತೇನೆ. ಇಷ್ಟು ದೊಡ್ಡದಾಗಿ ನಾನು ಯಾವತ್ತೂ ಸೋತಿರಲಿಲ್ಲ. ದಯವಿಟ್ಟು ಮೇಜಿಗೆ ನನ್ನ ಕುರ್ಚಿಯನ್ನೂ ಹಾಕಿಡಿ.

ನಿಮ್ಮ ಮಗ,
ಡೆಲ್ಬರ್ಟ್