ರೋಟರ್ ಇಲ್ಲದ ಕಾರು

ಶೆಡ್ಡಿನ ಹಿಂದಿನ ಕೋಣೆ
೧೪ನೇ ತಾರೀಖು, ಗುರುವಾರ

ಪ್ರೀತಿಯ ಸೊಸೆಗೆ, ನನ್ನ ಮಗಳೇ,

ಹೇಗಿದ್ದೀಯ? ಹುಬ್ಬಿನ ಹೊಲಿಗೆ ಬಿಚ್ಚಿದರೋ, ಇಲ್ಲ ಇನ್ನೂ ಕೀವು ಸೋರುತ್ತಿದೆಯೋ? ಎಡಗಿವಿಯಲ್ಲಿ ಗುಂಯ್ ಎನ್ನುತ್ತದೆ ಎಂದಿದ್ದೆಯಲ್ಲ, ಅದನ್ನು ಸುಮ್ಮನೆ ಬಿಡಬೇಡ, ಡಾಕ್ಟರಿಗೆ ತೋರಿಸು. ಪುಟ್ಟಿ ಈಗಲಾದರೂ ಮಂಚದ ಮೇಲೆ ಮಲಗುತ್ತಾಳೋ, ಅಲ್ಲೂ ಮಂಚದ ಕೆಳಗೇ ನುಸುಳುತ್ತಾಳೋ? ಅವಳಿಗೆ ಅಜ್ಜಿಯ ಮುತ್ತು. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ನಗಬೇಡ, ಎಡಗೈಯಲ್ಲಿ ಬರೆಯುತ್ತಿದ್ದೇನೆ. ಯಾಕೆ ಎನ್ನುವುದನ್ನು ಬೇರೆಯವರ ಬಾಯಿಂದ ಕೇಳಿ ನೀನು ಗಾಬರಿಯಾಗುವುದಕ್ಕಿಂತ ನಾನೇ ಹೇಳುವುದು ವಾಸಿ.

ಹೋದ ವಾರ ಫೋಟೋ ಸ್ಟುಡಿಯೋದ ಯಜಮಾನರು ತಮ್ಮ ಹಳೇ ಕಪ್ಪು ಕಾರನ್ನು ತಂದು ಬಿಟ್ಟಿದ್ದರು. ಅದೇ, ಆನೆ ಕಿವಿಯಂಥ ಮಡ್‌ಗಾರ್ಡಿನದು, ಹೊಸ ಜೋಡಿಗಳನ್ನು ಕೂರಿಸಿ ಫೋಟೋ ತೆಗೆಯುತ್ತಾರಲ್ಲ. ಏರು ಹತ್ತುವಾಗ ಕೆಮ್ಮುತ್ತದೆ, ಹಿಂದಿನಿಂದ ಢಂ ಎಂದು ಹೊಡೆಯುತ್ತದೆ ಎಂದರು. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನೋಡಿದರೆ ಪಾಯಿಂಟುಗಳು ಸುಟ್ಟು ಗುಳಿ ಬಿದ್ದಿದ್ದವು. ನಿನ್ನ ಮಾವ ಹೋದ ಮೇಲೆ ಈ ಸುತ್ತಿನ ಹಳೇ ಕಾರುಗಳಿಗೆಲ್ಲ ಕಿಡಿ ಹಂಚುವ ಆ ಡಬ್ಬಿಯ ಕೆಲಸ ನನ್ನ ಪಾಲಿಗೇ ಬಂದಿದೆಯಷ್ಟೆ. ಪಾಯಿಂಟು ಉಜ್ಜಿ, ಗೇಜಿನ ತೆಳು ತಗಡು ತೂರಿಸಿ ಸಂದು ಸರಿಮಾಡಿದೆ. ಕಿಡಿ ಹಾರುವ ಟೈಮಿಂಗ್ ಕೂರಿಸುವಾಗ ಮಾತ್ರ ನೀನಿರಬೇಕಿತ್ತು ಎನಿಸಿತು. ನಾನು ಇಂಜಿನ್ನಿಗೆ ಕಿವಿ ಕೊಟ್ಟು "ಇನ್ನೊಂದು ಕೂದಲೆಳೆ" ಎಂದರೆ ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟೇ ತಿರುಗಿಸುವವಳು ನೀನೊಬ್ಬಳೇ. ನಿನ್ನ ಗಂಡನಿಗೆ ಹೇಳಿದರೆ ಬಾಟಲಿ ಮುಚ್ಚಳ ತಿರುಗಿಸಿದ ಹಾಗೆ ತಿರುಗಿಸಿಬಿಡುತ್ತಾನೆ. ಹೇಗೋ ಒಬ್ಬಳೇ ಒದ್ದಾಡಿ ಮುಗಿಸಿದೆ. ಇಂಜಿನ್ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು.

ಶನಿವಾರ ಮಧ್ಯಾಹ್ನ ನಿನ್ನ ಗಂಡ ಬಂದ. ಕುಡಿದಿರಲಿಲ್ಲ. ಕುಡಿದಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ, ಕುಡಿದಾಗ ಅವನ ಏಟು ಅರ್ಧ ಗೋಡೆಗೇ ಬೀಳುತ್ತದೆ, ನಿನಗೆ ಗೊತ್ತಲ್ಲ. ನೀನು ಅಣ್ಣನ ಮನೆಯಲ್ಲಿರುವುದು ಯಾರಿಂದಲೋ ಅವನ ಕಿವಿಗೆ ಬಿದ್ದಿತ್ತು. ಟೈರ್ ಬಿಚ್ಚುವ ಕಬ್ಬಿಣದ ಸಲಾಕೆಯನ್ನು ಸ್ಟುಡಿಯೋ ಕಾರಿನ ಹಿಂದಿನ ಸೀಟಿಗೆ ಎಸೆದ. ಪಕ್ಕದಲ್ಲಿ ಪೆಟ್ರೋಲ್ ಕ್ಯಾನ್ ಇಟ್ಟ. "ಕೂದ್ಲು ಹಿಡಿದು ಎಳ್ಕೊಂಡ್ ಬರ್ತೀನಿ. ಅವಳಣ್ಣ ಅಡ್ಡ ಬಂದ್ರೆ ಮನೆಗೇ ಬೆಂಕಿ ಇಡ್ತೀನಿ" ಎಂದ. ಅಂಗಡಿಗೆ ಹೋಗಿ ಬರುತ್ತೇನೆ ಎನ್ನುವಷ್ಟು ಸಾವಧಾನವಾಗಿ ಹೇಳಿದ. "ತಡಿಯಪ್ಪಾ, ಮುಚ್ಚಳ ಸರಿಯಾಗಿ ಕೂತಿಲ್ಲ, ದಾರೀಲಿ ನಿಂತ್ಬಿಟ್ರೆ ಕಷ್ಟ" ಎಂದು ಬಾನೆಟ್ಟಿನೊಳಗೆ ಬಗ್ಗಿದೆ. ಅವನು ಶೆಡ್ಡಿನ ಬಾಗಿಲು ಪೂರ್ತಿ ತೆರೆಯಲು ಹೋದಾಗ ಕ್ಲಿಪ್ಪು ಬಿಡಿಸಿ, ಒಳಗಿನ ರೋಟರನ್ನು ಎಳೆದುಕೊಂಡು, ಮುಚ್ಚಳವನ್ನು ಮೊದಲಿನ ಹಾಗೇ ಕೂರಿಸಿದೆ. ಹೆಬ್ಬೆರಳಿನಷ್ಟು ವಸ್ತು. ಅದಿಲ್ಲದಿದ್ದರೆ ಯಾವ ಪ್ಲಗ್ಗಿಗೂ ಕಿಡಿ ಮುಟ್ಟುವುದಿಲ್ಲ. ಕಬ್ಬಿಣ ಕಚ್ಚಿ ಹಿಡಿಯುವ ಬೆಂಚಿನ ವೈಸ್‌ನ ಬಾಯಿಗಿಟ್ಟು ಹಿಡಿ ತಿರುಗಿಸಿದೆ. ಪಟ್ಟೆಂದು ಪುಡಿಯಾಯಿತು.

ಅವನು ಸ್ಟಾರ್ಟ್ ಮಾಡಿದ. ಇಂಜಿನ್ ಸುತ್ತುತ್ತದೆ, ಹತ್ತಿಕೊಳ್ಳುವುದಿಲ್ಲ. ಬ್ಯಾಟರಿ ಸುಸ್ತಾಗುವವರೆಗೂ ಬಿಡಲಿಲ್ಲ. ಆಮೇಲೆ ಇಳಿದು ಬಂದು ಮುಚ್ಚಳ ಬಿಚ್ಚಿದ. ಮೆಕ್ಯಾನಿಕ್ಕನ ಮಗನಲ್ಲವೇ, ಬೋಳು ಶಾಫ್ಟು ಕಂಡ ಕೂಡಲೇ ಎಲ್ಲ ತಿಳಿಯಿತು. ಸಲಾಕೆ ತೆಗೆದು ಮುಂದಿನ ಗಾಜು ಒಡೆದ, ದೀಪಗಳನ್ನು ಒಡೆದ, ಡಿಸ್ಟ್ರಿಬ್ಯೂಟರನ್ನು ಕುಟ್ಟಿ ಕುಟ್ಟಿ ಚಪ್ಪಟೆ ಮಾಡಿ, ವೈರುಗಳನ್ನು ಕರುಳು ಕಿತ್ತ ಹಾಗೆ ಕಿತ್ತೆಸೆದ. "ಎಲ್ಲಿಟ್ಟಿದ್ದೀಯ?" ಎಂದ. ವೈಸ್ ತೋರಿಸಿದೆ. ಚೂರುಗಳನ್ನು ಒಂದು ಗಳಿಗೆ ನೋಡಿದ. ನನ್ನ ಜುಟ್ಟು ಹಿಡಿದು ಹಣೆಯನ್ನು ಬೆಂಚಿಗೆ ಜಜ್ಜಿದ. ಬಲಗೈ ಎಳೆದು ಅದೇ ವೈಸ್‌ನೊಳಗೆ ತುರುಕಿ ಹಿಡಿ ತಿರುಗಿಸಿದ. "ಹೆತ್ತೋಳು ಅಂತ ಬಿಡ್ತೀನಿ ಅಂದ್ಕೊಂಡ್ಯಾ?" ಎನ್ನುತ್ತ ಇನ್ನೂ ಒಂದು ಸುತ್ತು ಬಿಗಿದ. ಮೂಳೆ ಮುರಿಯುವ ಸದ್ದು ಮೊದಲು ಕೇಳಿಸಿತು, ನೋವು ಆಮೇಲೆ ಬಂತು.

ನನ್ನ ಕೂಗಿಗೆ ಪಕ್ಕದ ಶೆಡ್ಡಿನ ತಗಡಿನ ಕೆಲಸದವನು ಓಡಿ ಬಂದ. ಬರಿಗೈಯಲ್ಲಿ ಬಂದ, ಪಾಪ. "ಏಯ್, ತಾಯಿ ಕಣೋ ಅದು" ಎಂದದ್ದಷ್ಟೇ, ಸಲಾಕೆ ಅವನ ದವಡೆಗೆ ಬಿತ್ತು. ನೆಲಕ್ಕುರುಳಿ ರಕ್ತದ ಜೊತೆ ಹಲ್ಲು ಉಗುಳಿದ. ಬಿದ್ದವನ ತಲೆಗೇ ಗುರಿಯಿಟ್ಟು ಸಲಾಕೆ ಮತ್ತೆ ಮೇಲೆದ್ದಿತು. ನನ್ನ ಎಡಗೈಗೆ ಸುತ್ತಿಗೆ ಸಿಕ್ಕಿತು. ಮಗಳೇ, ನಾನು ಯೋಚಿಸಲಿಲ್ಲ. ಸಿಕ್ಕಿಕೊಂಡ ಕೈ ಹರಿದುಹೋದರೂ ಹೋಗಲಿ ಎಂದು ಬಗ್ಗಿ ಬೀಸಿದೆ. ಅವನ ಕಿವಿಯ ಹಿಂದೆ ಬಿತ್ತು. ಚಿಕ್ಕವನಿದ್ದಾಗ ಎಣ್ಣೆ ಹಚ್ಚಿ ತಟ್ಟುತ್ತಿದ್ದ ತಲೆ ಅದು. ಕುಸಿದು ಬಿದ್ದ. ತಗಡಿನವನ ಹೆಂಡತಿ ಬಂದು ವೈಸ್ ಸಡಿಲಿಸುವವರೆಗೂ ನಾನು ಅಲ್ಲೇ ನಿಂತು, ಅವನ ಎದೆ ಏಳುತ್ತಿದೆಯೋ ಇಲ್ಲವೋ ಎಂದು ನೋಡುತ್ತಿದ್ದೆ. ಏಳುತ್ತಿತ್ತು. ಹೋದ ಜೀವ ಬಂದ ಹಾಗಾಯಿತು. ನಿನಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಸಮಾಧಾನವಾದದ್ದು ನಿಜ.

ಪೊಲೀಸರು ಅವನನ್ನು ಮೊದಲು ಆಸ್ಪತ್ರೆಗೆ, ಅಲ್ಲಿಂದ ಜೈಲಿಗೆ ಕರೆದೊಯ್ದರು. ತಲೆಗೆ ಪಟ್ಟಿ ಕಟ್ಟಿಕೊಂಡೇ ಜೀಪು ಹತ್ತುವಾಗ ಎಲ್ಲರೆದುರಿಗೆ ನನಗೆ ಬಾಯಿಗೆ ಬಂದ ಹಾಗೆ ಬೈದ. ತಗಡಿನವನ ದವಡೆಗೆ ತಂತಿ ಬಿಗಿದಿದ್ದಾರೆ, ಕೊಳವೆಯಲ್ಲಿ ಗಂಜಿ ಹೀರುತ್ತಾನೆ. ಮದುವೆಯಾದಾಗಿನಿಂದ ಇಷ್ಟು ನೆಮ್ಮದಿ ಇರಲಿಲ್ಲ, ಮನೆಯಲ್ಲಿ ಈಗ ತನ್ನದೇ ಮಾತು ಎಂದು ಅವನ ಹೆಂಡತಿ ನಗುತ್ತಾಳೆ, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಾಳೆ. ಸ್ಟುಡಿಯೋ ಯಜಮಾನರು ಬಂದವರು ಕಾರಿನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಕೈ ನೋಡಿ ಸ್ಟೂಲಿನ ಮೇಲೆ ಕೂತುಬಿಟ್ಟರು. ಬೆರಳುಗಳು ಇನ್ನು ಪೂರ್ತಿ ಮಡಚುವುದಿಲ್ಲವಂತೆ. ಗೇಜ್ ಹಿಡಿಯಲು ಎಡಗೈಗೆ ಕಲಿಸುತ್ತಿದ್ದೇನೆ. ನಡುಗುತ್ತದೆ, ಆದರೆ ಹೇಳಿದ ಮಾತು ಕೇಳುತ್ತದೆ.

ಅಣ್ಣ ಅತ್ತಿಗೆಗೆ ನಾನು ಕೇಳಿದೆನೆಂದು ಹೇಳು. ನೀನು ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ಪುಟ್ಟಿ ನಿನ್ನ ಹಾಗೆ ಗಟ್ಟಿ ಕೈಯವಳಾಗಿ, ಯಾರಿಗೂ ಹೆದರದೆ ಬಾಳಲಿ.

ಇಂತಿ,
ನಿನ್ನ ಅತ್ತೆ

ತಾ.ಕ.: ಮುಖ್ಯವಾದದ್ದು ಇದು. ಇವತ್ತು ಬೆಳಿಗ್ಗೆ ವಕೀಲರು ಬಂದಿದ್ದರು. ನಾನು ಜಾಮೀನಿಗೆ ಸಹಿ ಹಾಕಿದರೆ ಅವನು ಹೊರಗೆ ಬರುತ್ತಾನಂತೆ. "ಎಡಗೈಲಿ ಗೀಚಿದ್ರೂ ನಡಿಯುತ್ತೆ ಅಮ್ಮಾ" ಎಂದರು. ಇಷ್ಟುದ್ದ ಬರೆದವಳಿಗೆ ಒಂದು ಸಹಿ ಏನು ಭಾರ? ಹಾಕಲಿಲ್ಲ. ಆದರೆ ಬೇರೆ ಯಾರಾದರೂ ಹಾಕಿಯಾರು. ಅಣ್ಣನ ಮನೆ ಅವನಿಗೆ ಗೊತ್ತಾಗಿದೆ, ಅಲ್ಲಿರಬೇಡ. ಈ ವಾರವೇ ಪುಟ್ಟಿಯನ್ನು ಕರೆದುಕೊಂಡು ಬೇರೆ ಕಡೆ ಹೋಗು. ಎಲ್ಲಿಗೆ ಎಂದು ನನಗೆ ಬರೆಯಬೇಡ. ಅವನು ಬಂದು ಹೊಡೆದರೆ ನಾನು ಬಾಯಿ ಬಿಡುವವಳಲ್ಲ. ಕಾಲು ಹಿಡಿದು ಅತ್ತರೆ ಹೇಳಿಬಿಡುತ್ತೇನೆ.